ಮಸೂದೆಗೆ ಕೊಟ್ಟ ಹೊತ್ತು

2025ರ ಸೆಪ್ಟೆಂಬರ್ 2ರಂದು ಕಾಡುಗೋಡಿಯ ಆಡಳಿತದ ವಿಳಾಸ ಬದಲಾಯಿತು. ಹಿಂದಿನ ದಿನದವರೆಗೆ ಬಿಬಿಎಂಪಿಗೆ ಸೇರಿದ್ದ ಊರು ಅಂದಿನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಯದಾಯಿತು. ಈ ಭಾಗಕ್ಕೆ ಇಂಥ ಬದಲಾವಣೆ ಹೊಸದೇನಲ್ಲ. 2007ರಲ್ಲಿ ಮಹದೇವಪುರ ನಗರಸಭೆಯೂ ಹೀಗೆಯೇ ಬೃಹತ್ ಬೆಂಗಳೂರಿನೊಳಗೆ ಕರಗಿಹೋಗಿತ್ತು. ಆಸ್ತಿ ತೆರಿಗೆ ಯಾರಿಗೆ ಕಟ್ಟಬೇಕು, ರಾಜಕಾಲುವೆ ಯಾರ ಹೊಣೆ, ವಾರ್ಡಿನ ಗಡಿ ಎಲ್ಲಿ ಎಂಬುದೆಲ್ಲ ವಿಧಾನಸೌಧದಲ್ಲಿ ಒಪ್ಪಿಗೆ ಪಡೆದ ಒಂದು ಕಾನೂನಿನಿಂದ ತೀರ್ಮಾನವಾಗುತ್ತದೆ. ಅದಕ್ಕೆ ಕೈಯೆತ್ತಿದವರಿಗೆ ಅದನ್ನು ಓದಲು ಎಷ್ಟು ದಿನ ಸಿಕ್ಕಿತ್ತು ಎಂದು ಕೇಳುವ ಹಕ್ಕು ಕಾಡುಗೋಡಿಯ ಪ್ರತಿಯೊಬ್ಬರಿಗೂ ಇದೆ.

ಈ ಪ್ರಶ್ನೆ ಕನ್ನಡ ನಾಡಿಗೆ ಹಳೆಯದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರಾ ಹೊತ್ತಿಗೆ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರದಿ ಓದುತ್ತಿದ್ದರು, ಸದಸ್ಯರು ಕೇಳಿ ತಮ್ಮ ಊರಿನ ಅಹವಾಲು ಹೇಳುತ್ತಿದ್ದರು. 1907ರಲ್ಲಿ ಶಾಸನ ರಚನೆಗೆಂದೇ ನ್ಯಾಯವಿಧಾಯಕ ಸಭೆ ಬಂತು. ನನಗೆ ಬಹುಮುಖ್ಯವಾಗಿ ಕಾಣುವ ಹೆಜ್ಜೆ ಮಾತ್ರ 1923ರದು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ಸಲಹೆಯ ಬೆನ್ನಿಗೆ ಬಂದ ಸುಧಾರಣೆ, ಮಸೂದೆಯೊಂದನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮೊದಲು ಅದರ ಮೂಲತತ್ತ್ವಗಳನ್ನು ಪ್ರಜಾಪ್ರತಿನಿಧಿ ಸಭೆಯ ಮುಂದಿಟ್ಟು ಅಭಿಪ್ರಾಯ ಪಡೆಯಬೇಕೆಂದು ವಿಧಿಸಿತು. ಮತದಾನದ ಹಕ್ಕು ಆಗ ಕೆಲವೇ ಜನರಿಗಿತ್ತು, ಸಭೆಯ ಮಾತನ್ನು ಸರ್ಕಾರ ಮೀರಬಹುದಿತ್ತು, ನಿಜ. ಆದರೂ ಮಸೂದೆ ಹುಟ್ಟುವ ಮುಂಚೆಯೇ ಅದರ ಬಗ್ಗೆ ಮಾತು ನಡೆಯಬೇಕೆಂಬ ನಿಯಮ ನಮ್ಮಲ್ಲಿ ನೂರು ವರ್ಷಗಳ ಹಿಂದೆಯೇ ಇತ್ತು. 1949ರಲ್ಲಿ ಆ ಸಭೆ ಇಲ್ಲವಾದಾಗ ಈ ಮೆಟ್ಟಿಲೂ ಕಳಚಿಬಿತ್ತು.

ಸ್ವತಂತ್ರ ಭಾರತದಲ್ಲಿ ನಾವು ಒಪ್ಪಿಕೊಂಡದ್ದು ಬ್ರಿಟಿಷ್ ಪಾರ್ಲಿಮೆಂಟಿನ ಮೂರು ವಾಚನಗಳ ಕ್ರಮವನ್ನು. ಮಂಡನೆ, ಖಂಡವಾರು ಪರ್ಯಾಲೋಚನೆ, ಅಂಗೀಕಾರ. ಹೊತ್ತು ಕೊಡಲೆಂದೇ ಹುಟ್ಟಿದ ಏರ್ಪಾಟು ಇದು. ಲೋಕಸಭೆಯ ನಿರ್ದೇಶನಗಳ ಪ್ರಕಾರ ಮಸೂದೆಯ ಪ್ರತಿ ಮಂಡನೆಗೆ ಎರಡು ದಿನ ಮುಂಚೆ ಸದಸ್ಯರ ಕೈಸೇರಬೇಕು. ಚರ್ಚೆಗೆ ಎತ್ತಿಕೊಳ್ಳುವ ಮುಂಚೆ ಪ್ರತಿಗಳು ಎರಡು ದಿನವಾದರೂ ಲಭ್ಯವಿರದಿದ್ದರೆ ಯಾವ ಸದಸ್ಯರೂ ಆಕ್ಷೇಪ ಎತ್ತಬಹುದು. ಆದರೆ ಸಭಾಧ್ಯಕ್ಷರು ವಿನಾಯಿತಿ ನೀಡಬಹುದು ಎಂಬ ಮಾತೂ ಅದೇ ನಿಯಮದೊಳಗಿದೆ. ಸೋರಿಕೆಯೆಲ್ಲ ಆಗುತ್ತಿರುವುದು ಆ ಕಿಂಡಿಯಿಂದಲೇ.

ಹಳೆಯ ಮೈಸೂರು ರಾಜ್ಯದ ಭೂಸುಧಾರಣೆ ಕಾನೂನನ್ನು ಇಲ್ಲಿ ನೆನೆಯಬೇಕು. ಬಿ.ಡಿ. ಜತ್ತಿ ಸಮಿತಿ ರಚನೆಯಾದದ್ದು 1957ರಲ್ಲಿ. ಮಸೂದೆ ಬಂದದ್ದು 1958ರಲ್ಲಿ. ಅದು ಜಂಟಿ ಪರಿಶೀಲನಾ ಸಮಿತಿಗೆ ಹೋಗಿ 1961ರಲ್ಲಿ ಅಂಗೀಕಾರವಾಯಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಈ ಎಳೆದಾಟದಲ್ಲಿ ಭೂಮಾಲೀಕರು ಗೇಣಿದಾರರನ್ನು ಬಿಡಿಸಿ, ಜಮೀನನ್ನು ಮನೆಯವರ ಹೆಸರಿಗೆ ಹಂಚಿಕೊಂಡರೆಂಬ ದೂರು ಸುಳ್ಳಲ್ಲ. ಹೊತ್ತು ಕೊಟ್ಟರೆ ಬಲ್ಲಿದರು ತಪ್ಪಿಸಿಕೊಳ್ಳುತ್ತಾರೆ ಎನ್ನುವವರು ತೋರಿಸುವುದು ಇದನ್ನೇ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಂಗೀಕಾರವಾದ ಮೇಲೂ ಜಾರಿಗೆ ಕಾದು ಕಳೆದ ನಾಲ್ಕು ವರ್ಷಗಳನ್ನು ಸದಸ್ಯರು ಓದಿ ತಿದ್ದಿದ ದಿನಗಳ ಲೆಕ್ಕಕ್ಕೆ ಸೇರಿಸಬಾರದು.

1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಪಕ್ಷಾಂತರ ತಡೆಯಲು ಬಂದ ಕಾಯ್ದೆ ಸದಸ್ಯರ ಓದನ್ನೂ ತಡೆಯಿತು ಎಂದೇ ನನ್ನ ಅನಿಸಿಕೆ. ವಿಪ್ ಹೊರಟ ಮೇಲೆ ಮತ ಎತ್ತ ಬೀಳಬೇಕೆಂಬುದು ನಿಶ್ಚಿತ. ಹಾಗಿರುವಾಗ ನೂರು ಪುಟ ಓದಿ ಮಾಡುವುದೇನು ಎಂದು ಶಾಸಕರು ಕೇಳಿದರೆ ಉತ್ತರಿಸುವುದು ಕಷ್ಟ. ಅತ್ತ ಕೂಡುವ ದಿನಗಳೂ ಕಡಿಮೆಯಾದವು. ವರ್ಷಕ್ಕೆ 60 ದಿನವಾದರೂ ಅಧಿವೇಶನ ನಡೆಯಬೇಕೆಂದು ಕರ್ನಾಟಕ 2005ರಲ್ಲಿ ಕಾನೂನನ್ನೇ ಮಾಡಿಕೊಂಡಿತು. ತಾನೇ ಮಾಡಿದ ಆ ಕಾನೂನನ್ನು ಸದನ ಮತ್ತೆ ಮತ್ತೆ ಮೀರಿದೆ.

ಹೀಗೆ ದಿನ ಕುಗ್ಗಿದಾಗ ಏನಾಗುತ್ತದೆಂಬುದಕ್ಕೆ 2020ರ ಡಿಸೆಂಬರ್ 9 ಸಾಕ್ಷಿ. ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ ಅಂದೇ ವಿಧಾನಸಭೆಯಲ್ಲಿ ಮಂಡನೆಯಾಗಿ ಅಂದೇ ಅಂಗೀಕಾರವಾಯಿತು. ಕಾರ್ಯಸೂಚಿಯಲ್ಲಿರಲಿಲ್ಲ, ಪ್ರತಿ ಸಿಕ್ಕಿಲ್ಲ ಎಂದು ವಿರೋಧ ಪಕ್ಷ ಗದ್ದಲ ಎಬ್ಬಿಸಿತು. ಮರುವರ್ಷ ಬೆಳಗಾವಿಯಲ್ಲಿ ಮತಾಂತರ ನಿಷೇಧ ಮಸೂದೆ ಡಿಸೆಂಬರ್ 21ರಂದು ಬಂದು 23ರಂದು ಅಂಗೀಕಾರವಾಯಿತು. ಸರ್ಕಾರ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. 2025ರ ಮಾರ್ಚ್ 21ರಂದು ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಶಾಸಕರ ಮತ್ತು ಸಚಿವರ ವೇತನ ಹೆಚ್ಚಳದ ಮಸೂದೆಗಳು ಪಾಸಾದವು. ಅದೇ ದಿನ 18 ಬಿಜೆಪಿ ಶಾಸಕರು ಅಮಾನತಾದರು. ಒಂದು ಬದಿಯವರು ಸದನದ ಬಾವಿಗಿಳಿಯುತ್ತಾರೆ, ಇನ್ನೊಂದು ಬದಿಯವರು ‘ಹೌದು’ ಎನ್ನುತ್ತಾರೆ. ಎರಡು ಬದಿಯ ನಡುವೆ ಮಸೂದೆ ಓದಿಸಿಕೊಳ್ಳದೆಯೇ ಕಾನೂನಾಗುತ್ತದೆ. ಈ ವಿಷಯದಲ್ಲಿ ಯಾವ ಪಕ್ಷಕ್ಕೂ ಬೆರಳು ತೋರುವ ನೈತಿಕತೆ ಉಳಿದಿಲ್ಲ.

ಇದು ಕರ್ನಾಟಕವೊಂದರ ಕಾಯಿಲೆಯಲ್ಲ. ರೈತರನ್ನು ವರ್ಷಪೂರ್ತಿ ದೆಹಲಿಯ ಗಡಿಯಲ್ಲಿ ಕೂರಿಸಿದ ಕೃಷಿ ಕಾನೂನುಗಳನ್ನು ಹಿಂತೆಗೆದುಕೊಳ್ಳುವ ಮಸೂದೆ 2021ರ ನವೆಂಬರ್ 29ರಂದು ಒಂದೇ ದಿನದಲ್ಲಿ ಎರಡೂ ಸದನಗಳನ್ನು ದಾಟಿತು. ಹೊರಗೆ ಬೇರೆ ದಾರಿ ಹಿಡಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಮತದಾರರು 2016ರಲ್ಲಿ, ಮಸೂದೆಯ ಅಂತಿಮ ರೂಪ ಮತದಾನಕ್ಕೆ 72 ಗಂಟೆ ಮುಂಚೆ ಎಲ್ಲರಿಗೂ ಕಾಣುವಂತಿರಬೇಕೆಂದು ರಾಜ್ಯ ಸಂವಿಧಾನದಲ್ಲೇ ಬರೆಸಿದರು. 2023ರ ಜುಲೈ 5ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಟ್ಟಡಗಳ ತಾಪನ ವ್ಯವಸ್ಥೆಯ ಮಸೂದೆ ಓದಲು ತಮಗೆ ಸಾಕಷ್ಟು ಸಮಯ ಸಿಕ್ಕಿಲ್ಲವೆಂದು ಥಾಮಸ್ ಹೈಲ್‌ಮನ್ ಎಂಬ ಸಂಸದ ದೂರಿದಾಗ, ಆ ವಾರದ ಮತದಾನವನ್ನೇ ತಡೆಯಿತು. ಓದುವ ಸಮಯವೂ ಸದಸ್ಯನ ಹಕ್ಕಿನ ಭಾಗವಾಗಬಹುದೆಂದು ಅಷ್ಟು ದೊಡ್ಡ ನ್ಯಾಯಾಲಯ ಒಪ್ಪಿ ಕೈಹಾಕಿದ್ದು ಸಣ್ಣ ಸಂಗತಿಯಲ್ಲ.

ಇನ್ನು ಕಾಡುಗೋಡಿಗೆ ಮರಳೋಣ. ಬೆಂಗಳೂರನ್ನು ಒಡೆಯುವ ಮೊದಲ ಯತ್ನ 2015ರ ಏಪ್ರಿಲ್‌ನಲ್ಲಿ, ವಿಶೇಷ ಅಧಿವೇಶನ ಕರೆದು, ಅವಸರದಲ್ಲೇ ನಡೆಯಿತು. ವಿಧಾನಸಭೆ ಒಪ್ಪಿತು, ವಿಧಾನ ಪರಿಷತ್ತು ಪರಿಶೀಲನಾ ಸಮಿತಿಗೆ ಕಳಿಸಿತು. ಆ ಯತ್ನ ದಡ ಸೇರಲಿಲ್ಲ. ಎರಡನೆಯ ಯತ್ನ ಬೇರೆಯಾಗಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈ 23ರಂದು ಮಂಡನೆಯಾಗಿ, ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಯಿತು. ವರದಿ 2025ರ ಫೆಬ್ರುವರಿ 24ರಂದು ಬಂತು. ವಿಧಾನಸಭೆ ಮಾರ್ಚ್ 10ರಂದು ಅಂಗೀಕರಿಸಿತು. ರಾಜ್ಯಪಾಲರು ಒಮ್ಮೆ ವಿವರಣೆ ಕೇಳಿ ವಾಪಸ್ ಕಳಿಸಿ, ಏಪ್ರಿಲ್‌ನಲ್ಲಿ ಅಂಕಿತ ಹಾಕಿದರು. ಮೇ 15ರಿಂದ ಜಾರಿ. ಏಳು ತಿಂಗಳು ಮಸೂದೆ ಬೆಳಕಿನಲ್ಲಿತ್ತು. ಒಪ್ಪದವರಿಗೆ ಏನನ್ನು ಒಪ್ಪುತ್ತಿಲ್ಲವೆಂದು ಖಂಡದ ಸಂಖ್ಯೆ ಹಿಡಿದು ಹೇಳಲು ಸಾಧ್ಯವಾಯಿತು. ಅಷ್ಟಾದರೂ ಆಗಸ್ಟ್‌ನಲ್ಲಿ ತಿದ್ದುಪಡಿ ಬೇಕಾಯಿತು, ಅದು ಬೇರೆ ಮಾತು. ಏಳು ತಿಂಗಳು ನೋಡಿದರೂ ತಿದ್ದುವುದು ಇಷ್ಟು ಉಳಿಯುತ್ತದೆಂದರೆ, ಒಂದೇ ಸಂಜೆಯಲ್ಲಿ ಪಾಸಾದ ಮಸೂದೆಯಲ್ಲಿ ಎಷ್ಟು ಉಳಿದಿರಬಹುದು!

ದಿನಗಳನ್ನು ಎಣಿಸಿ ಕೊಟ್ಟರೂ ಸಾಲದು ಎಂಬುದನ್ನು ತಿದ್ದುಪಡಿ ಮಸೂದೆ ಕೈಗೆತ್ತಿಕೊಂಡವರು ಬಲ್ಲರು. ‘ಇಂಥ ಪ್ರಕರಣದ ಇಂಥ ಉಪಪ್ರಕರಣದಲ್ಲಿ ಇಂಥ ಪದಗಳ ಬದಲಿಗೆ ಇಂಥವನ್ನು ಪ್ರತಿಯೋಜಿಸತಕ್ಕದ್ದು’ ಎಂಬ ಸಾಲುಗಳನ್ನು ಮೂಲ ಕಾಯ್ದೆ ಪಕ್ಕದಲ್ಲಿಟ್ಟುಕೊಳ್ಳದೆ ಓದಿದರೆ ಏನೂ ತಿಳಿಯದು. ಅನುಬಂಧದಲ್ಲಿ ಹಳೆಯ ಪ್ರಕರಣ ಇರುತ್ತದೆ, ಆದರೆ ಹೊಸದನ್ನು ಅದರೊಳಗೆ ಹೊಂದಿಸಿ ನೋಡುವ ಕೆಲಸ ಓದುಗರದು. ಕಾಡುಗೋಡಿ ಮೆಟ್ರೊದಲ್ಲಿ ಬೆಳಗ್ಗೆ ಐಟಿಪಿಎಲ್ ಕಡೆಗೆ ಹೋಗುವ ಯಾವ ಸಾಫ್ಟ್‌ವೇರ್ ಎಂಜಿನಿಯರನ್ನಾದರೂ ಕೇಳಿ: ಹಳೆಯ ಸಾಲು, ಹೊಸ ಸಾಲು ಬಣ್ಣ ಹಚ್ಚಿ ಅಕ್ಕಪಕ್ಕ ತೋರಿಸಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಅವರ ಕೋಡ್ ಮುಂದೆ ಹೋಗುತ್ತದೆ. ಅದೇ ಬಗೆಯ ಪ್ರತಿ, ಕನ್ನಡದಲ್ಲಿ, ಮಂಡನೆಯ ದಿನವೇ ಸದಸ್ಯರಿಗೂ ಸಾರ್ವಜನಿಕರಿಗೂ ಸಿಗುವುದಕ್ಕೆ ತಾಂತ್ರಿಕವಾದ ಅಡ್ಡಿ ಒಂದೂ ಇಲ್ಲ.

ಸದನದ ಹೊರಗೂ ಒಂದು ದಾರಿ ಕಂಡಿದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕರಡನ್ನು ರಾಜ್ಯ ಸರ್ಕಾರ 2024ರ ಜೂನ್ ಕೊನೆಯಲ್ಲಿ ಆಕ್ಷೇಪಣೆಗೆಂದು ಪ್ರಕಟಿಸಿತು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಊಟ ತಲುಪಿಸುವವರ ಬದುಕಿಗೆ ಸಂಬಂಧಿಸಿದ ಆ ಕರಡನ್ನು ಕಂಪನಿಗಳೂ ಕಾರ್ಮಿಕ ಸಂಘಟನೆಗಳೂ ಓದಿ ವಾದಿಸಿದವು. ಆಮೇಲೆ 2025ರ ಮೇನಲ್ಲಿ ಅದು ಸುಗ್ರೀವಾಜ್ಞೆಯಾಗಿ ಬಂದದ್ದು ನನಗೆ ಸರಿಕಾಣಲಿಲ್ಲ, ಆದರೆ ಕರಡು ಮೊದಲೇ ಬೆಳಕು ಕಂಡಿತ್ತೆಂಬುದು ಸಣ್ಣ ಸಮಾಧಾನ. ಅದೇ 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ಕನ್ನಡಿಗರ ಉದ್ಯೋಗದಂಥ ಮಾತು ಅಷ್ಟು ಬೇಗ ಎದ್ದು ಅಷ್ಟು ಬೇಗ ಮಲಗಿದ್ದು ನೋವಿನ ಸಂಗತಿ. ಆ ಕರಡೂ ಆರು ತಿಂಗಳು ಸಮಿತಿಯೊಂದರ ಮುಂದಿದ್ದಿದ್ದರೆ ಪರ ಇದ್ದವರೂ ವಿರೋಧ ಇದ್ದವರೂ ಕಾಗದ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದರು.

ಪೂರ್ವ ಪಾಲಿಕೆಗೆ 50 ವಾರ್ಡುಗಳು ನಿಗದಿಯಾಗಿವೆ. ಹಳೆಯ ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಮುಂದೆ ಕಾಡುಗೋಡಿಯಿಂದ ಆರಿಸಿಬರುವ ಸದಸ್ಯರು ಪಾಲಿಕೆಯ ಮೊದಲ ಸಭೆಯಲ್ಲಿ ಕೂರುವಾಗ, ಅವರ ಮುಂದಿನ ಕಾರ್ಯಸೂಚಿ ಎಷ್ಟು ದಿನ ಮೊದಲು ಕೈಸೇರಿತ್ತು ಎಂದು ನಾನು ಹೋಗಿ ಕೇಳುವವನಿದ್ದೇನೆ.