ಪೋಷಕ ನಟ ಲೋಕನಾಥ್ ಮತ್ತು ನಮ್ಮ ಜಿಲ್ಲೆ

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪನಿ ಇನ್ನೂ ಹೊಸದಾಗಿದ್ದ ಕಾಲ. ಕಳಸದಿಂದ ಆ ಕಡೆಗೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ನನ್ನ ತಂದೆತಾಯಿ ಕೂಲಿ ಮಾಡುತ್ತಿದ್ದರು. ನಮ್ಮ ವಾಸ ಅಲ್ಲಿಯ ಲೈನ್ ಮನೆಯಲ್ಲಿ. ಒಂದು ವರ್ಷ ಕುಯ್ಲು ಮುಗಿದ ಮೇಲೆ ಸಾಹುಕಾರರು ಕಾಫಿ ಒಣಗಿಸುವ ಕಣದಲ್ಲಿ ಬಿಳಿಯ ಪರದೆ ಕಟ್ಟಿಸಿ, ಜನರೇಟರ್ ತರಿಸಿ, ಆಳುಕಾಳುಗಳಿಗೆಲ್ಲ ಒಂದು ಸಿನಿಮಾ ತೋರಿಸಿದರು. ಅದು ‘ಭೂತಯ್ಯನ ಮಗ ಅಯ್ಯು’.

ಚಿತ್ರದಲ್ಲಿ ಒಂದು ಪ್ರಸಂಗವಿದೆ. ಜಮೀನ್ದಾರನ ಮನೆಗೆ ಊರ ಜನ ನುಗ್ಗಿದ್ದಾರೆ. ಆ ಗದ್ದಲದ ನಡುವೆ ಒಬ್ಬನಿಗೆ ಮಾತ್ರ ಉಪ್ಪಿನಕಾಯಿಯ ಜಾಡಿಯ ಮೇಲೆ ಕಣ್ಣು. ಅವನು ಅದನ್ನು ತಿನ್ನುವ ಬಗೆ, ಬಾಯಿ ಚಪ್ಪರಿಸುವ ಬಗೆ, ಮುಖದಲ್ಲಿ ಹರಡುವ ಆ ಪರಮ ತೃಪ್ತಿ! ಕಣದಲ್ಲಿ ಕುಳಿತಿದ್ದ ನಾವು ಮಕ್ಕಳು ಹೊಟ್ಟೆ ಹಿಡಿದು ನಕ್ಕೆವು. ನನ್ನ ತಾಯಿ ನಗಲಿಲ್ಲ. ಯಾಕೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಮಳೆಗಾಲದಲ್ಲಿ ಕೆಲಸವಿಲ್ಲದ ವಾರಗಳಲ್ಲಿ ನಮ್ಮ ಮನೆಯಲ್ಲಿ ಗಂಜಿಯ ಜೊತೆಗೆ ಇರುತ್ತಿದ್ದುದು ಮಿಡಿ ಉಪ್ಪಿನಕಾಯಿಯೊಂದೇ. ಜಾಡಿಯ ತಳ ಕಾಣತೊಡಗಿದಾಗ ಅಮ್ಮ ತಮ್ಮ ತಟ್ಟೆಗೆ ಮಿಡಿಯನ್ನು ಹಾಕಿಕೊಳ್ಳದೆ, ಅದರ ರಸವನ್ನಷ್ಟೇ ಒಂದು ತೊಟ್ಟು ಬಿಟ್ಟುಕೊಳ್ಳುತ್ತಿದ್ದರು.

ಆ ಜಾಡಿಯ ಮನುಷ್ಯ ಸಿ. ಎಚ್. ಲೋಕನಾಥ್. ನಾಡೆಲ್ಲ ಅವರನ್ನು ‘ಅಂಕಲ್ ಲೋಕನಾಥ್’ ಎಂದು ಕರೆಯಿತು. ಅವರು ಹುಟ್ಟಿದ್ದು 1927ರ ಆಗಸ್ಟ್ 14ರಂದು, ಬೆಂಗಳೂರಿನಲ್ಲಿ. ಆದರೆ ನಟರಾಗಿ ಅವರ ಬಾಳಿನ ಎರಡು ಮುಖ್ಯ ತಿರುವುಗಳಿಗೆ ನೆಲೆಯಾದದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ನೆನಪಿಲ್ಲ.

ಲೋಕನಾಥರು ಮೊದಲು ರಂಗಭೂಮಿಯವರು. 1950ರ ದಶಕದ ಆರಂಭದಲ್ಲಿಯೇ ಅವರು ಬೆಂಗಳೂರಿನ ‘ರವಿ ಕಲಾವಿದರು’ ತಂಡವನ್ನು ಸೇರಿದ್ದರು. ಅದು ಹವ್ಯಾಸಿ ರಂಗಭೂಮಿಯ ಕಾಲ; ಹಗಲೆಲ್ಲ ಬದುಕಿನ ದುಡಿಮೆ, ಸಂಜೆ ತಾಲೀಮು. ಹಣವಾಗಲಿ ಭಾರಿ ಕೀರ್ತಿಯಾಗಲಿ ಅದರಲ್ಲಿ ಇರಲಿಲ್ಲ. ಹೀಗೆ ಸುಮಾರು ಹದಿನೆಂಟು ವರ್ಷ ಬಣ್ಣ ಹಚ್ಚಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಅವರಿಗೆ ಮೊದಲ ಚಲನಚಿತ್ರದ ಕರೆ ಬಂತು. ನಾಯಕನಾಗುವ ವಯಸ್ಸು ಅಷ್ಟರಲ್ಲಿ ಕಳೆದುಹೋಗಿತ್ತು.

ಆ ಚಿತ್ರ ‘ಸಂಸ್ಕಾರ’. ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದರು. ಚಿತ್ರೀಕರಣ ನಡೆದದ್ದು ಶೃಂಗೇರಿಗೆ ಹತ್ತಿರದ ವೈಕುಂಠಪುರದಲ್ಲಿ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಛಾಯಾಗ್ರಾಹಕ ಆಸ್ಟ್ರೇಲಿಯಾದ ಟಾಮ್ ಕೋವನ್. ಸತ್ತವನ ಸಂಸ್ಕಾರವನ್ನು ಯಾರು ಮಾಡಬೇಕೆಂದು ತೀರ್ಮಾನವಾಗದೆ ಒಂದು ಅಗ್ರಹಾರವೇ ಹಸಿದು ಕುಳಿತಿರುವ ಕಥೆ ಅದು. ಆ ಹಸಿವು, ಭಯ, ಆಸೆಗಳು ನಮಗೆ ಕಾಣುವುದು ಆಚಾರ್ಯರ ಮುಖದಲ್ಲಿ ಮಾತ್ರವಲ್ಲ, ಸುತ್ತಲಿನ ಬ್ರಾಹ್ಮಣರ ಮುಖಗಳಲ್ಲಿ. ಆ ಮುಖಗಳಲ್ಲಿ ಒಂದು ಲೋಕನಾಥರದು. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ಮೊದಲು ತಡೆಹಿಡಿಯಿತು. ಆ ತಡೆ ತೆರವಾಗಿ, ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದುಕೊಟ್ಟಿತು.

ಎರಡನೆಯ ತಿರುವು 1974ರಲ್ಲಿ ಬಂತು, ಈಗಾಗಲೇ ಹೇಳಿದ ‘ಭೂತಯ್ಯನ ಮಗ ಅಯ್ಯು’ ಚಿತ್ರದಿಂದ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ನಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ದಂಡೆಯ ಮೇಲಿರುವುದೇ ಆ ಗೊರೂರು. ಚಿತ್ರೀಕರಣಕ್ಕೆ ಸಿದ್ದಲಿಂಗಯ್ಯನವರು ಆರಿಸಿಕೊಂಡದ್ದು ಚಿಕ್ಕಮಗಳೂರು ತಾಲ್ಲೂಕಿನ ಕಳಸಾಪುರವನ್ನು. (ನಮ್ಮ ಕಳಸವಲ್ಲ; ಕಳಸಾಪುರ ಬಯಲುಸೀಮೆಯ ಅಂಚಿನ ಊರು. ಚಿಕ್ಕವನಿದ್ದಾಗ ನಾನೂ ಹೆಸರು ಕೇಳಿ ಮೋಸಹೋಗಿ, ನಮ್ಮ ಊರಿನಲ್ಲಿಯೇ ತೆಗೆದ ಚಿತ್ರವೆಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದುಂಟು.) ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್, ಭೂತಯ್ಯನಾಗಿ ಎಂ. ಪಿ. ಶಂಕರ್. ಸಾಲ, ಅಡಮಾನ, ಕೋರ್ಟು, ಹಗೆ ಇವೆಲ್ಲ ಸೇರಿ ಎರಡು ಮನೆತನಗಳನ್ನು ಸುಡುವ ಕಥೆ ಅದು. ಅಂತಹ ಬೆಂಕಿಯ ನಡುವೆ ಒಬ್ಬ ಹಸಿದವನಿಗೆ ಹಗೆಯೂ ಬೇಡ, ಹಣವೂ ಬೇಡ, ಉಪ್ಪಿನಕಾಯಿ ಸಾಕು ಎಂಬುದನ್ನು ಲೋಕನಾಥರು ಕೆಲವೇ ಕ್ಷಣಗಳಲ್ಲಿ ತೋರಿಸಿದರು. ಚಿತ್ರದ ಕಥೆಯನ್ನೇ ಮರೆತವರು ಕೂಡ ಆ ಕ್ಷಣಗಳನ್ನು ಮರೆತಿಲ್ಲ. ಅದನ್ನು ಬರಿಯ ಹಾಸ್ಯವೆಂದು ಬರೆದವರೇ ಹೆಚ್ಚು. ನನಗೆ ಹಾಗೆ ಅನ್ನಿಸುವುದಿಲ್ಲ.

ಕನ್ನಡದಲ್ಲಿ ಇಂಥವರನ್ನು ‘ಪೋಷಕ ನಟ’ ಎನ್ನುತ್ತೇವೆ. ಬಹಳ ಒಳ್ಳೆಯ ಪದ. ಪೋಷಿಸುವುದೆಂದರೆ ಉಣಿಸಿ ಸಲಹುವುದು. ಕಥೆಗೆ ಅನ್ನ ನೀರು ಕೊಡುವವನು ಈತನೇ. ನಾಯಕ ಒಂಟಿಯಾಗಿ ಎಷ್ಟು ಹೊತ್ತು ನಡೆದಾನು? ನನಗೆ ಇದು ಬೇಗ ತಿಳಿಯಲಿಲ್ಲ. ಗುರುಮಠದ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ಮಾತೇ ಇಲ್ಲದ ಕಾವಲುಗಾರನ ಪಾತ್ರ ಬಂದಾಗ ಎರಡು ದಿನ ಮುನಿಸಿಕೊಂಡಿದ್ದೆ. ಪ್ರದರ್ಶನದ ದಿನ ಭರ್ಜಿ ಹಿಡಿದು ನಿಂತಲ್ಲೇ ತೂಕಡಿಸಿ, ಸಭಿಕರ ಚಪ್ಪಾಳೆಯನ್ನು ಬೇಡದ ರೀತಿಯಲ್ಲಿ ಗಳಿಸಿದೆ.

ಮುಂದೆ ಲೋಕನಾಥರಿಗೆ ಬಿಡುವಿರಲಿಲ್ಲ. ಶಂಕರ್‌ನಾಗ್ ನಿರ್ದೇಶನದ ‘ಮಿಂಚಿನ ಓಟ’ದಲ್ಲಿ (1980) ಇಬ್ಬರು ತರುಣ ಕಾರುಗಳ್ಳರ ಜೊತೆಗಿನ ವಯಸ್ಸಾದ ಕಳ್ಳ, ಇನ್ನೂ ಎಷ್ಟೋ ಚಿತ್ರಗಳಲ್ಲಿ ಅಪ್ಪ, ಮಾವ, ಊರ ಹಿರಿಯ. ಒಟ್ಟು 650ಕ್ಕೂ ಹೆಚ್ಚು ಚಿತ್ರಗಳು, 1000ಕ್ಕೂ ಮಿಕ್ಕ ರಂಗಪ್ರದರ್ಶನಗಳು ಎಂಬುದು ಪತ್ರಿಕೆಗಳು ಕೊಟ್ಟ ಲೆಕ್ಕ.

ಆದರೆ ಒಮ್ಮೆ ಅವರು ಕಥೆಯ ನಡುವಿಗೇ ಬಂದು ಕುಳಿತರು. ಆರ್. ಕೆ. ನಾರಾಯಣರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿ ಟಿ. ಎಸ್. ನಾಗಾಭರಣರು 1983ರಲ್ಲಿ ತೆಗೆದ ‘ಬ್ಯಾಂಕರ್ ಮಾರ್ಗಯ್ಯ’ದಲ್ಲಿ ಮಾರ್ಗಯ್ಯನಾಗಿ. ಸಹಕಾರಿ ಬ್ಯಾಂಕಿನ ಎದುರಿನ ಆಲದ ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು, ಓದು ಬರಹ ಬಾರದ ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟು ಬದುಕುವವನು ಮಾರ್ಗಯ್ಯ. ಹಣದ ಬೆನ್ನು ಹತ್ತಿ ಏರುತ್ತಾನೆ, ಮಗನನ್ನು ಮುದ್ದಿನಿಂದ ಕೆಡಿಸುತ್ತಾನೆ, ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಕಾಫಿಯ ಬೆಲೆ ಏರಿದಾಗ ಜೀಪು ಕೊಂಡು, ಇಳಿದಾಗ ಸೊಸೈಟಿಯ ಬಾಗಿಲು ಕಾಯುವ ನಮ್ಮ ಕಡೆಯವರು ಮಾರ್ಗಯ್ಯನನ್ನು ಒಮ್ಮೆ ನೋಡಬೇಕು. ಐವತ್ತಾರರ ವಯಸ್ಸಿನಲ್ಲಿ ಮಾಡಿದ ಈ ಪಾತ್ರಕ್ಕೆ ಲೋಕನಾಥರಿಗೆ ರಾಜ್ಯ ಸರಕಾರದ ಶ್ರೇಷ್ಠ ನಟ ಪ್ರಶಸ್ತಿ ದೊರಕಿತು. ಆಮೇಲೆ ಅವರು ಮತ್ತೆ ಪೋಷಕ ಪಾತ್ರಗಳಿಗೇ ಹಿಂದಿರುಗಿದರು.

2018ರ ಡಿಸೆಂಬರ್ 31ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂದು ನಾನು ಊರಿನಲ್ಲಿ ಅಮ್ಮನ ಜೊತೆಗಿದ್ದೆ. ಟಿ.ವಿ.ಯಲ್ಲಿ ಅದೇ ಜಾಡಿ, ಅದೇ ಮುಖ ಬಂದು ಹೋಗುತ್ತಿತ್ತು. ಅಮ್ಮನಿಗೆ ಆಗ ಕಣ್ಣು ಮಂದವಾಗಿತ್ತು.

“ಯಾರು ಹೋದ್ರಂತೆ ಮಗಾ?”

“ಲೋಕನಾಥ್ ಅಂತ, ಅಮ್ಮ.”

ಹೆಸರು ಅವರಿಗೆ ಗೊತ್ತಾಗಲಿಲ್ಲ. “ಕಣದಲ್ಲಿ ಸಿನಿಮಾ ತೋರ್ಸಿದ್ರಲ್ಲ, ಅದ್ರಲ್ಲಿ ಉಪ್ಪಿನಕಾಯಿ ತಿಂದವ್ರು” ಎಂದೆ.

ಅಮ್ಮ ಕೈಯಲ್ಲಿದ್ದ ಜಪಸರವನ್ನು ಮಡಿಲಲ್ಲಿಟ್ಟರು. “ಅವ್ರಾ? ಅವ್ರು ಗಂಜಿ ಕುಡ್ದವ್ರೇ ಇರ್ಬೇಕು ಮಗಾ.”

ನಾನು ಏನೂ ಹೇಳಲಿಲ್ಲ. ವರ್ಷಾಂತ್ಯದ ಪೂಜೆಗೆ ಹೊರಡುವ ಹೊತ್ತಾಗಿತ್ತು.