ನೆಲುವು ತೂಗಿದ ರಾತ್ರಿ

ನೆಲುವು ಎಂದರೆ ಈಗಿನ ಹುಡುಗಿಯರಿಗೆ ಬಿಡಿಸಿ ಹೇಳಬೇಕು. ಅಡುಗೆಮನೆಯ ತೊಲೆಗೆ ಹಗ್ಗದಿಂದ ಇಳಿಬಿಟ್ಟ ಜಾಲರಿ ಅದು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಅದರಲ್ಲಿ ಒಂದರ ಮೇಲೊಂದು ಕೂತಿರುತ್ತಿದ್ದವು. ಇರುವೆಗೂ ಎಟುಕಬಾರದು, ಬೆಕ್ಕಿಗೂ ಎಟುಕಬಾರದು, ಮನೆಯ ಮಕ್ಕಳಿಗಂತೂ ಎಟುಕಲೇಬಾರದು. ಸೊರಬ ತಾಲ್ಲೂಕಿನ ತೋಟದಂಚಿನಲ್ಲಿದ್ದ ನಮ್ಮ ಸೋದರತ್ತೆಯ ಮನೆಯಲ್ಲಿ ಅಂಥದೊಂದು ನೆಲುವು ಬಹಳ ಕಾಲ ಉಳಿದಿತ್ತು. ಭೂಕಂಪದ ಚರಿತ್ರೆ ಹುಡುಕಲು ಹೊರಟ ನಾನು ಕೊನೆಗೆ ಬಂದು ನಿಂತದ್ದು ಅದರ ಕೆಳಗೆ.

ಹುಡುಕಾಟ ಶುರುವಾದದ್ದು 1993ರಲ್ಲಿ. ಆ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೇ ಕುಸಿದವು. ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ದಖ್ಖನಿನ ನೆಲ ಹಳೆಯದು, ಗಟ್ಟಿಯದು, ಇಲ್ಲಿ ಅಂಥದೆಲ್ಲ ಆಗುವುದಿಲ್ಲ ಎಂದು ನಂಬಿದ್ದ ನಮಗೆಲ್ಲ ಆ ದಿನದ ಪತ್ರಿಕೆ ಕೈಯಲ್ಲಿ ಹಿಡಿದು ಎದೆ ಧಸಕ್ಕೆಂದಿತು. ನಮ್ಮ ಶಿಕಾರಿಪುರ, ಸೊರಬದ ಕಡೆ ಹಿಂದೆಂದಾದರೂ ನೆಲ ನಡುಗಿತ್ತೆ ಎಂಬ ಪ್ರಶ್ನೆ ಅಂದು ನನ್ನ ತಲೆಗೆ ಹೊಕ್ಕಿತು.

ಚರಿತ್ರೆ ಎಂದ ಮೇಲೆ ಮೊದಲು ಶಾಸನ ನೋಡಬೇಕಷ್ಟೆ. ನಮ್ಮ ಸೀಮೆಗೆ ಅದರ ಬಡತನವಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಿಕಾರಿಪುರದ ಶಾಸನಗಳು 1902ರ 7ನೆಯ ಸಂಪುಟದಲ್ಲಿವೆ, ಸೊರಬದವು 1904ರ 8ನೆಯದರಲ್ಲಿ. ನೂರಾರು ಕಲ್ಲುಗಳು. ಓದುತ್ತ ಹೋದರೆ ಊರೇ ಎದ್ದು ಬಂದು ಮಾತಾಡುತ್ತದೆ. ಕೆರೆ ಕಟ್ಟಿಸಿದವರು, ತುರುಗಳನ್ನು ಬಿಡಿಸಲು ಹೋಗಿ ಸತ್ತವರು, ಗಂಡನ ಚಿತೆ ಏರಿದವರು. ಬಂದಳಿಕೆಯ ಕಲ್ಲೊಂದರಲ್ಲಿ 10ನೆಯ ಶತಮಾನದ ಆರಂಭದ ಜಕ್ಕಿಯಬ್ಬೆ ಇದ್ದಾಳೆ. ಗಂಡ ಸತ್ತ ಮೇಲೆ ನಾಗರಖಂಡದ ಆಡಳಿತ ನಡೆಸಿದವಳು, ದೇಹ ಸೋತಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ವ್ರತ ಹಿಡಿದು ಪ್ರಾಣ ಬಿಟ್ಟವಳು. ಇಷ್ಟು ಮನೆಮಾತು ಬರೆದಿಟ್ಟ ಕಲ್ಲುಗಳು ಭೂಮಿ ನಡುಗಿದ್ದರೆ ಹೇಳದೆ ಬಿಡುತ್ತಿದ್ದವೆ ಎಂದುಕೊಂಡೆ.

ಬಿಡುತ್ತಿದ್ದವು ಎಂದು ಆಮೇಲೆ ತಿಳಿಯಿತು. ಗ್ರಹಣ, ಸಂಕ್ರಾಂತಿ, ವ್ಯತೀಪಾತಗಳನ್ನು ಶಾಸನ ಮರೆಯದೆ ಬರೆಯುವುದು ಅವು ದಾನಕ್ಕೆ ಪುಣ್ಯಕಾಲ ಎಂಬ ಕಾರಣಕ್ಕೆ. ಭೂಕಂಪಕ್ಕೆ ಯಾರು ಭೂದಾನ ಮಾಡುತ್ತಾರೆ? ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಆದರೆ ಅಲ್ಲಿ ಅದು ಉತ್ಪಾತ, ಅಪಶಕುನ. ಅಪಶಕುನವನ್ನು ದೇವಸ್ಥಾನದ ಮುಂದೆ ಕಲ್ಲಲ್ಲಿ ಕೆತ್ತಿಸುವ ಹುಮ್ಮಸ್ಸು ಯಾರಿಗೂ ಬಂದಿರಲಾರದು. ಆದ್ದರಿಂದ ಶಾಸನದ ಮೌನವನ್ನು ನೆಲದ ಮೌನವೆಂದು ಓದಬಾರದು.

ಹಾಗೆಂದು ಕಲ್ಲು ಏನೂ ಹೇಳುವುದಿಲ್ಲವೆಂದಲ್ಲ. ಬಳ್ಳಿಗಾವಿಗೆ ಹೋದವರು ಗಂಡಭೇರುಂಡ ಸ್ತಂಭ ನೋಡಿರುತ್ತೀರಿ. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ 1047ರಲ್ಲಿ ನಿಲ್ಲಿಸಿದ್ದು, ಸುಮಾರು 30 ಅಡಿ ಎತ್ತರ, ಸಪೂರ ಮೈ. ತಾಳಗುಂದದ ಪ್ರಣವೇಶ್ವರನ ಮುಂದಿರುವ ಕದಂಬರ ಎಂಟು ಮುಖದ ಕಂಬ ಅದಕ್ಕೂ ಹಿಂದಿನದು, 5ನೆಯ ಶತಮಾನದ್ದು. ಪರದೇಶದ ಭೂವಿಜ್ಞಾನಿಗಳು ಒಂದರ ಮೇಲೊಂದು ಹೇಗೋ ನಿಂತ ಬಂಡೆಗಳನ್ನು ನೋಡಿ, ಇಷ್ಟು ಸಾವಿರ ವರ್ಷ ಇಲ್ಲಿ ಜೋರು ನಡುಕ ಆಗಿಲ್ಲ ಎಂದು ಲೆಕ್ಕ ಹಾಕುತ್ತಾರಂತೆ. ನಮ್ಮ ಕಂಬಗಳನ್ನೂ ಹಾಗೆ ಓದಬಹುದು. ಬಂದಳಿಕೆಯ ಗುಡಿಗಳು ಕುಸಿದಿವೆಯಲ್ಲ ಎಂದರೆ, ಗುಡಿ ಕೆಡವಲು ಅಶ್ವತ್ಥದ ಬೇರು ಸಾಕು, ಸಡಿಲವಾದ ತಳಪಾಯ ಸಾಕು, ಮನೆ ಕಟ್ಟಲು ಕಲ್ಲು ಹೊತ್ತವರು ಸಾಕು. ಒಂದೇ ದಿಕ್ಕಿಗೆ ವಾಲಿದ ಗೋಡೆಗಳು, ನಿಂತಲ್ಲೇ ತಿರುಚಿದ ಕಂಬಗಳು ಹಲವು ಊರಲ್ಲಿ ಒಟ್ಟಿಗೆ ಕಂಡರೆ ಮಾತ್ರ ಭೂಕಂಪದ ಮೇಲೆ ಅನುಮಾನ ಪಡಬೇಕು. ನಿಂತ ಕಂಬ ಹೇಳುವುದು ಇಷ್ಟೇ: ಭಾರೀ ನಡುಕ ಬಂದಂತಿಲ್ಲ. ಸಣ್ಣದರ ಸುದ್ದಿ ಅದಕ್ಕೆ ತಿಳಿಯದು.

ಇನ್ನು ಇಂಗ್ಲಿಷರ ಕಾಗದಪತ್ರ. ಓಲ್ಡ್‌ಹ್ಯಾಮ್ ಎಂಬ ತಂದೆ ಮಗ ಇಬ್ಬರೂ ಭೂವಿಜ್ಞಾನಿಗಳು. ತಂದೆ ಕೂಡಿಸಿದ ಭಾರತದ ಭೂಕಂಪಗಳ ಪಟ್ಟಿಯನ್ನು ಮಗ 1883ರಲ್ಲಿ ಅಚ್ಚು ಹಾಕಿಸಿದ. 1869ರವರೆಗಿನ ಪಟ್ಟಿ ಅದು. 1843ರ ಏಪ್ರಿಲ್ 1ರಂದು ಬಳ್ಳಾರಿಯ ಸುತ್ತ ನೆಲ ನಡುಗಿದ್ದು ದಾಖಲೆಯಾಗಿದೆ. ಬಳ್ಳಾರಿಯಲ್ಲಿ ದಂಡು ಇತ್ತು, ಪತ್ರ ಬರೆಯುವ ಅಧಿಕಾರಿಗಳಿದ್ದರು. ಸೊರಬದಲ್ಲಿ ಯಾರಿದ್ದರು? ಇದ್ದದ್ದು ನಮ್ಮ ಅಜ್ಜಿಯರ ಅಜ್ಜಿಯರು. ಬರೆಯುವವರು ಇದ್ದ ಕಡೆ ಭೂಕಂಪ, ಇಲ್ಲದ ಕಡೆ ಸುಮ್ಮನೆ ಒಂದು ರಾತ್ರಿ. ಪುಸ್ತಕ ಮುಚ್ಚುವಾಗ ನನಗೆ ಹೊಳೆದದ್ದು ಇದು.

ಆಗ ಅತ್ತೆಯನ್ನು ಕೇಳಿದೆ. ಎಲೆ ಮಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು.

"ಒಂದು ರಾತ್ರಿ ನೆಲುವು ತಾನೇ ತೂಗಿತ್ತು ಕಣೆ. ಅಡಿಕೆ ಸುಗ್ಗಿ, ಹಂಡೆಗೆ ಬೆಂಕಿ ಹಾಕಬೇಕು ಅಂತ ಕೊನೇ ಜಾವಕ್ಕೇ ಎದ್ದಿದ್ದೆ. ಬೆಕ್ಕು ಹಾರಿರಬೇಕು ಅಂತ ಕೋಲು ತಗೊಂಡು ಹೋದ್ರೆ, ಬೆಕ್ಕು ಒಲೆ ಪಕ್ಕ ಬೂದಿಯಲ್ಲಿ ಮಲಗಿದೆ! ನಾಗಂದಿಗೆ ಮೇಲಿನ ಲೋಟಗಳು ಕಿಣಿಕಿಣಿ ಅಂದವು. ನಾನು ದೇವರಿಗೆ ಕೈ ಮುಗಿದು ಬೆಂಕಿ ಹಾಕಿದೆ."

"ಯಾವಾಗ ಅತ್ತೆ? ಇಸವಿ ಗೊತ್ತಾ?"

"ಇಸವಿ ಯಾರಿಗೆ ಗೊತ್ತು? ದೊಡ್ಡವನು ತೊಟ್ಟಿಲಲ್ಲಿದ್ದ. ಕಾರ್ತಿಕದ ಅಮಾವಾಸ್ಯೆ ಕಳೆದು ಹತ್ತು ದಿನ ಆಗಿತ್ತು. ಭಾನುವಾರ ರಾತ್ರಿ. ಮಾರನೇ ದಿನ ಸೋಮವಾರ, ನನಗೆ ಒಪ್ಪತ್ತು."

ಭಾವ ಹುಟ್ಟಿದ್ದು 1967ರಲ್ಲಿ. ಅದೇ ವರ್ಷ ಡಿಸೆಂಬರ್ 11ರ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಕೊಯ್ನಾ ಭೂಕಂಪ ಆದದ್ದು. ಅಣೆಕಟ್ಟಿನ ನೀರಿನ ಭಾರಕ್ಕೂ ಅದಕ್ಕೂ ನಂಟಿದೆ ಎಂದು ವಿಜ್ಞಾನಿಗಳು ಹೇಳುವ, ಸುಮಾರು 180 ಜನರನ್ನು ಬಲಿ ತೆಗೆದುಕೊಂಡ, ನೂರಾರು ಮೈಲಿ ದೂರದವರೆಗೆ ನೆಲ ಅಲುಗಿಸಿದ ಭೂಕಂಪ. ಖುಷಿಯಿಂದ ಹಳೆಯ ಕ್ಯಾಲೆಂಡರ್ ಲೆಕ್ಕ ಹಾಕಿದೆ. ಡಿಸೆಂಬರ್ 11 ಸೋಮವಾರ. ಅತ್ತೆ ಹೇಳಿದ್ದು ಭಾನುವಾರ. ವಯಸ್ಸಾದವರ ನೆನಪು, ಏನೋ ಕಲಸಿಹೋಗಿದೆ ಎಂದು ನನ್ನ ಟಿಪ್ಪಣಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ.

ಎಷ್ಟೋ ವರ್ಷಗಳ ಮೇಲೆ ನನಗೆ ಮೊಮ್ಮಗಳು ಹುಟ್ಟಿದಳು, ನಸುಕಿನ 4 ಗಂಟೆಗೆ. ಆಸ್ಪತ್ರೆಯ ಚೀಟಿಯಲ್ಲಿ ಶುಕ್ರವಾರ. ಜಾತಕ ಬರೆದ ಪುರೋಹಿತರು ಗುರುವಾರ ಎಂದು ಬರೆದರು. ತಪ್ಪಾಯಿತಲ್ಲ ಎಂದೆ. "ಸೂರ್ಯ ಹುಟ್ಟದೆ ವಾರ ಬದಲಾಗುತ್ತದೇನಮ್ಮ?" ಎಂದು ನಕ್ಕರು. ನಾನು ನಗಲಿಲ್ಲ. ಮನೆಗೆ ಬಂದು ಹಳೆಯ ಪಂಚಾಂಗ ಲೆಕ್ಕ ಹಾಕಿದೆ. 1967ರ ಕಾರ್ತಿಕದ ಅಮಾವಾಸ್ಯೆ ಡಿಸೆಂಬರ್ 1. ಅಲ್ಲಿಗೆ ಹತ್ತು ದಿನ. ಸೂರ್ಯ ಹುಟ್ಟುವವರೆಗೂ ಅದು ಭಾನುವಾರ ರಾತ್ರಿಯೇ. ಅತ್ತೆಯ ನೆನಪಿನಲ್ಲಿ ಒಂದು ದಿನದ ತಪ್ಪೂ ಇರಲಿಲ್ಲ. ತಪ್ಪು ನನ್ನ ಪೆನ್ಸಿಲಿನದು. ಹೇಳೋಣವೆಂದರೆ ಅಷ್ಟು ಹೊತ್ತಿಗೆ ಅತ್ತೆ ಇರಲಿಲ್ಲ.

ಭೂಕಂಪದ ತೀವ್ರತೆ ಅಳೆಯಲು ಇಟಲಿಯ ಮೆರ್ಕಾಲಿ ಎಂಬಾತನ ಹೆಸರಿನ ಒಂದು ಪಟ್ಟಿ ಇದೆ, 12 ಮೆಟ್ಟಿಲಿನದು. ಮೇಲಿನ ಮೆಟ್ಟಿಲುಗಳಲ್ಲಿ ಕಟ್ಟಡ ಬೀಳುವ, ನೆಲ ಬಿರಿಯುವ ಮಾತು. ಕೆಳಗಿನವುಗಳಲ್ಲಿ ಏನಿದೆ ಗೊತ್ತೆ? ತೂಗುಹಾಕಿದ ವಸ್ತು ಅಲುಗಿತೆ, ಪಾತ್ರೆ ಸದ್ದು ಮಾಡಿತೆ, ತುಂಬಿದ ಪಾತ್ರೆಯ ನೀರು ತುಳುಕಿತೆ, ಮಲಗಿದವರು ಎದ್ದರೆ? ನಮ್ಮಂಥ ಹೆಚ್ಚು ನಡುಗದ ಸೀಮೆಗೆ ಬೇಕಾದ ಚರಿತ್ರೆಯೆಲ್ಲ ಆ ಕೆಳಗಿನ ಮೆಟ್ಟಿಲಲ್ಲೇ ಇದೆ, ಅದು ಅಡುಗೆಮನೆಯ ಚರಿತ್ರೆ. ಗೌರಿಬಿದನೂರಿನಲ್ಲಿ ಯಂತ್ರಗಳು ಬಂದದ್ದು 1965ರಲ್ಲಿ. ಅದಕ್ಕೂ ಹಿಂದೆ ನಮ್ಮ ಯಂತ್ರ ನೆಲುವೇ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ನಮ್ಮ ಮನೆಯ ಕಿಟಕಿಗಳು ಧಡಾರೆಂದಾಗ ಎಲ್ಲರೂ ಭೂಕಂಪವೆಂದು ಬೀದಿಗೆ ಓಡಿದರು. ನಾನು ಮಾತ್ರ ಮೇಲೆ ನೋಡಿದೆ. ದೇವರ ಮುಂದಿನ ತೂಗುದೀಪ ತೂಗಲಿಲ್ಲ. ಹುಣಸೋಡಿನಲ್ಲಿ ಕಲ್ಲುಕ್ವಾರಿಗೆ ತಂದ ಸ್ಫೋಟಕ ಸಿಡಿದು ಕೆಲಸಗಾರರು ಸತ್ತಿದ್ದಾರೆಂದು ಆಮೇಲೆ ತಿಳಿಯಿತು. ಗಾಳಿಯ ಹೊಡೆತಕ್ಕೆ ಕಿಟಕಿ ಬಡಿಯುತ್ತದೆ, ದೂರದ ಭೂಕಂಪಕ್ಕೆ ತೂಗುವುದು ತೂಗುತ್ತದೆ. ಇದನ್ನು ನನಗೆ ಕಲಿಸಿದ್ದು ಅತ್ತೆ.

ಕಿಲ್ಲಾರಿಯಲ್ಲಿ 1993ಕ್ಕೆ ಒಂದು ವರ್ಷ ಮುಂಚೆಯೇ ಸಣ್ಣ ಸಣ್ಣ ನಡುಕಗಳು ಬಂದಿದ್ದವು. ಸಣ್ಣದರ ಹಿಂದೆ ದೊಡ್ಡದು ಬಂದೇ ಬರುತ್ತದೆಂದಲ್ಲ, ಹೆಚ್ಚಿನ ಸಲ ಬರುವುದೇ ಇಲ್ಲ. ಆದರೆ ಯಾವ ನೆಲ ಎಷ್ಟು ಸಲ ಮಿಸುಕಿದೆ ಎಂಬ ಲೆಕ್ಕ ಇದ್ದರೆ ಮನೆ ಕಟ್ಟುವ ಕೈ ತುಸು ಎಚ್ಚರ ವಹಿಸುತ್ತದೆ.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ನಾನೀಗ ಈ ಲೆಕ್ಕವನ್ನೂ ಬರೆಯುತ್ತೇನೆ. ಗಂಟೆ, ತಾರೀಖು, ಏನು ತೂಗಿತು, ಏನು ಸದ್ದಾಯಿತು. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತೇ ಕೇಳಿ. ಇಸವಿ ಕೇಳಬೇಡಿ, ಯಾರು ತೊಟ್ಟಿಲಲ್ಲಿದ್ದರು ಎಂದು ಕೇಳಿ. ಅವರು ಹೇಳಿದ ವಾರ ಹೊಂದದಿದ್ದರೆ ಗೆರೆ ಎಳೆಯುವ ಮೊದಲು ಇನ್ನೊಮ್ಮೆ ಯೋಚಿಸಿ.

ನನ್ನ ಹಳೆಯ ಟಿಪ್ಪಣಿಯಲ್ಲಿ ಆ ಪೆನ್ಸಿಲಿನ ಗೆರೆಯನ್ನು ರಬ್ಬರಿನಿಂದ ಅಳಿಸಿದ್ದೇನೆ. ಗುರುತು ಮಾತ್ರ ಹೋಗಿಲ್ಲ.