ಹೋಟೆಲ್ ಕಂಪನಿಗಳ ಇಂಗಾಲದ ಲೆಕ್ಕ ಮತ್ತು ಕೊಪ್ಪಳ ಸೀಮೆ

ಕುಷ್ಟಗಿ, ಯಲಬುರ್ಗಾ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ಈಗ ಜೋಳ, ಸಜ್ಜೆ, ಕಡಲೆಗಳ ನಡುವೆ ಗಾಳಿಯಂತ್ರಗಳು ನಿಂತಿವೆ. ಕೊಪ್ಪಳ ಪವನ ವಿದ್ಯುತ್ ವಲಯದ 2,500 ಮೆಗಾವಾಟ್ ಸಾಗಿಸಲೆಂದೇ ನರೇಂದ್ರ ಉಪಕೇಂದ್ರದವರೆಗೆ ಪ್ರಸರಣ ಮಾರ್ಗದ ಯೋಜನೆ ರೂಪುಗೊಂಡಿತು. ಇದೇ ಜಿಲ್ಲೆಯ ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೊದಲನೆಯದರಂಥ ವಿದ್ಯುತ್ತು ದೊಡ್ಡ ಹೋಟೆಲ್ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಹೆಮ್ಮೆಯ ಸಾಲಾಗಿ ಬರುತ್ತದೆ. ಎರಡನೆಯದರಿಂದ ಏಳುವ ಮೀಥೇನ್ ಎಂಬ ಹಸಿರುಮನೆ ಅನಿಲ ಆ ವರದಿಗಳ ಮುಖ್ಯ ಲೆಕ್ಕಕ್ಕೆ ಬರುವುದೇ ಇಲ್ಲ. ಹೀಗಾದದ್ದು ಹೇಗೆ ಎಂದು ಹುಡುಕಿದರೆ ಕಳೆದ ಮೂರು ದಶಕಗಳ ಇತಿಹಾಸ ಉತ್ತರ ಕೊಡುತ್ತದೆ: ಹೋಟೆಲ್ ಉದ್ಯಮದ ಹಸಿರುಮನೆ ಅನಿಲದ ಲೆಕ್ಕ, ಕಂಪನಿಯ ಕೈಗೆ ಕರೆಂಟ್ ಬಿಲ್ಲೋ ಡೀಸೆಲ್ ಬಿಲ್ಲೋ ಬರುವಲ್ಲಿಗೆ ನಿಂತುಬಿಟ್ಟಿತು.

ಹೋಟೆಲುಗಳು ಪರಿಸರದ ಮಾತನ್ನು ಒಟ್ಟಾಗಿ ಆಡತೊಡಗಿದ್ದು 1992ರಲ್ಲಿ, ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ಹೋಟೆಲುಗಳ ಪರಿಸರ ವೇದಿಕೆ ಹುಟ್ಟಿದಾಗ. ಆಗಿನ ಚಿಂತೆ ನೀರು, ಕಸ, ದಿನವೂ ಒಗೆಯುವ ಟವೆಲ್ಲುಗಳದು. ನಮ್ಮ ಕಡೆ ಆ ಕಾಲದ ದೊಡ್ಡ ಹೆಜ್ಜೆ ಉತ್ತರ ಕನ್ನಡ ಮೂಲದ ಕಾಮತ್ ಮನೆತನದ್ದು. ವಿಠ್ಠಲ ಕಾಮತ್ ಅವರು 1997ರಲ್ಲಿ ಮುಂಬೈಯಲ್ಲಿ ತೆರೆದ ‘ಆರ್ಕಿಡ್’ ಹೋಟೆಲು, ಪರಿಸರಸ್ನೇಹಿ ಹೋಟೆಲುಗಳಿಗೆ ಸಿಗುವ ಇಕೋಟೆಲ್ ಪ್ರಮಾಣಪತ್ರ ಪಡೆಯಿತು. ಅನಿಲವನ್ನು ಟನ್ನಿನಲ್ಲಿ ಅಳೆಯುವ ಪದ್ಧತಿ ಮಾತ್ರ 2001ರಲ್ಲಿ ಬಂದ ಜಿಎಚ್‌ಜಿ ಪ್ರೋಟೋಕಾಲ್‌ನಿಂದ ನೆಲೆಯೂರಿತು. ಅದು ಲೆಕ್ಕವನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸಿತು. ಹೋಟೆಲಿನಲ್ಲೇ ಉರಿಯುವ ಡೀಸೆಲ್, ಅಡುಗೆ ಅನಿಲ ಮೊದಲನೆಯದಕ್ಕೆ ಸೇರಿದರೆ ಕೊಂಡ ವಿದ್ಯುತ್ತು ಎರಡನೆಯದಕ್ಕೆ. ಅಕ್ಕಿ, ಸಿಮೆಂಟು, ಉಕ್ಕು, ಅತಿಥಿಯ ಪ್ರಯಾಣ, ಹೀಗೆ ಉಳಿದದ್ದೆಲ್ಲ ಮೂರನೆಯದು.

2012ರಲ್ಲಿ 23 ಹೋಟೆಲ್ ಕಂಪನಿಗಳು ಕೂಡಿ ರೂಪಿಸಿದ ಅಳತೆಯ ಪದ್ಧತಿ ಈ ಗಡಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಅತಿಥಿ ತಂಗಿದ ಕೋಣೆಯೊಂದಕ್ಕೆ ಒಂದು ರಾತ್ರಿಗೆ ಎಷ್ಟು ಕಿಲೋ ಇಂಗಾಲ ಎಂಬುದೇ ಅದರ ಮಾನ. ಶಕ್ತಿಯ ಬಳಕೆಯೂ, ಹೊರಗೆ ಕೊಟ್ಟು ಒಗೆಸುವ ಬಟ್ಟೆಯೂ ಅದರೊಳಗೆ ಬಂದವು, ಊಟ ಬರಲಿಲ್ಲ. ಈ ಮಾನದಿಂದ ಲಾಭವಾಗಿದೆ, ಅಲ್ಲಗಳೆಯುವಂತಿಲ್ಲ. ಬ್ರಿಟಿಷ್ ಸರ್ಕಾರ ಪ್ರಕಟಿಸುವ ಪಟ್ಟಿಯಲ್ಲಿ ಬ್ರಿಟನ್ನಿನ ಕೋಣೆಯ ರಾತ್ರಿಗೆ ಸುಮಾರು 10 ಕಿಲೋ, ಭಾರತದ ಕೋಣೆಗೆ 59 ಕಿಲೋ ಆಸುಪಾಸು ಎಂದಿರುವುದು ನಮ್ಮ ಕಲ್ಲಿದ್ದಲಿನ ವಿದ್ಯುತ್ತು ಮತ್ತು ಹವಾನಿಯಂತ್ರಣದ ಭಾರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2012ರಲ್ಲಿ ಮೊದಲ 100 ಲಿಸ್ಟೆಡ್ ಕಂಪನಿಗಳಿಗೆ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯಗೊಳಿಸಿತು. 2021ರ ಮೇ ತಿಂಗಳ ಸುತ್ತೋಲೆಯಲ್ಲಿ ಅದರ ಹೊಸ ರೂಪವಾದ ಬಿಆರ್‌ಎಸ್‌ಆರ್ ಬಂತು. 2022-23ರಿಂದ ಮೊದಲ 1,000 ಕಂಪನಿಗಳಿಗೆ ಅದು ಕಡ್ಡಾಯವಾಯಿತು. ಅದರಲ್ಲಿ ಮೊದಲೆರಡು ವ್ಯಾಪ್ತಿಗಳ ಲೆಕ್ಕ ಕೊಡಲೇಬೇಕು, ಮೂರನೆಯದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ಎದ್ದುಕಾಣುವ ಘಟ್ಟ ಬೆಂಗಳೂರಿನ ಐಟಿಸಿ ವಿಂಡ್ಸರ್. ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಝೀರೋ ಕಾರ್ಬನ್ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ಹೋಟೆಲು ಅದು. ಆ ಪ್ರಮಾಣಪತ್ರ ನೋಡುವುದು ಕಟ್ಟಡ ಬಳಸುವ ಶಕ್ತಿಯನ್ನು, ಅಲ್ಲಿಗೆ ಬಂದುಹೋಗುವವರ ಪ್ರಯಾಣವನ್ನು. ನವೀಕರಿಸಬಹುದಾದ ವಿದ್ಯುತ್ತಿಲ್ಲದೆ ಆ ಸೊನ್ನೆ ಸಾಧ್ಯವಿರಲಿಲ್ಲ. ಇದು ನಿಜವಾದ ಸಾಧನೆ. ಆದರೆ ಅಂಥ ಸೊನ್ನೆಯ ಹಿಂದೆ ಹೊಲ ಬಿಟ್ಟುಕೊಟ್ಟ ಊರುಗಳಿವೆ, ಆ ಊರುಗಳ ಹೆಸರು ವರದಿಯಲ್ಲಿ ಇರುವುದಿಲ್ಲ. ಯಾವ ಗಾಳಿಯಂತ್ರದ ಯುನಿಟ್ಟು ಯಾವ ಹೋಟೆಲಿನ ದೀಪಕ್ಕೆ ಹೋಯಿತೆಂದು ತಂತಿ ಹೇಳಲಾರದು; ಅದನ್ನು ನಿರ್ಣಯಿಸುವುದು ಕಾಗದದ ಮೇಲಿನ ಒಪ್ಪಂದ. ಈ ಕಾರಣಕ್ಕೇ 2015ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಒಪ್ಪಂದದ ಆಧಾರದ ಲೆಕ್ಕವನ್ನೂ ವಿದ್ಯುತ್ ಜಾಲದ ಸರಾಸರಿಯ ಲೆಕ್ಕವನ್ನೂ ಜೊತೆಜೊತೆಯಾಗಿ ಕೊಡಬೇಕೆಂದಿತು.

ಗಂಗಾವತಿಯ ಗದ್ದೆಗೆ ಬರೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿದ ಮೇಲೆ ಇಲ್ಲಿನ ಒಣಭೂಮಿ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಬಂದವು, ಸೋನಾ ಮಸೂರಿ ಈ ಸೀಮೆಯ ಗುರುತಾಯಿತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿ ದಕ್ಷಿಣ ಏಷ್ಯಾದ ಇಂಥ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ ಮೀಥೇನ್, ಬೆಳೆಯ ಅವಧಿ 112 ದಿನ ಎಂದು ಹಿಡಿಯುತ್ತದೆ. ಸದಾ ನೀರು ನಿಲ್ಲುವ ಗದ್ದೆಗೆ ಇದನ್ನು ಅನ್ವಯಿಸಿದರೆ ಎಕರೆಗೆ ಸುಮಾರು 38 ಕಿಲೋ. ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟು ಬಿಸಿಯೇರಿಸುತ್ತದೆಂಬ ಲೆಕ್ಕದಲ್ಲಿ ಅದು ಒಂದು ಟನ್ನಿನಷ್ಟಾಗುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿ ಯುನಿಟ್ಟಿಗೆ ಸುಮಾರು 0.72 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಬೆಳೆಯ ಒಂದೆಕರೆ ಗದ್ದೆ, ಸುಮಾರು 1,400 ಯುನಿಟ್ ವಿದ್ಯುತ್ತಿಗೆ ಸಮ. ಔತಣಕೂಟಗಳಲ್ಲಿ ಅಕ್ಕಿಯನ್ನು ಮೂಟೆಗಟ್ಟಲೆ ಬೇಯಿಸುವ ಹೋಟೆಲಿಗೆ ಇದು ಸಣ್ಣ ಬಾಬತ್ತಲ್ಲ.

ಇದರಲ್ಲಿ ರೈತನ ತಪ್ಪೇನಿಲ್ಲ. ಕಾಲುವೆಯ ಕೊನೆ ಭಾಗದವರಿಗೆ ನೀರೇ ಸರಿಯಾಗಿ ತಲುಪುವುದಿಲ್ಲ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. ಪರಿಹಾರದ ದಾರಿಯೂ ಇದೇ ನೆಲದಲ್ಲಿದೆ. ಸಸಿ ನಾಟಿ ಮಾಡದೆ, ಕೆಸರು ಕಲಸದೆ ಬಿತ್ತುವ ಕೂರಿಗೆ ಭತ್ತ ತುಂಗಭದ್ರಾ ಅಚ್ಚುಕಟ್ಟಿಗೆ ಹೊಸದಲ್ಲ. ನೀರೂ ಉಳಿಯುತ್ತದೆ, ಮೀಥೇನೂ ತಗ್ಗುತ್ತದೆ. ಕಳೆಯ ಕಾಟ ಮಾತ್ರ ಹೆಚ್ಚು. ಆ ಖರ್ಚು ರೈತನೊಬ್ಬನ ತಲೆಯ ಮೇಲೆ ಬೀಳುತ್ತದೆ.

ಕೊಪ್ಪಳ ನಗರದ ಬಳಿ, ಗಿಣಿಗೇರಿಯ ಸುತ್ತಲಿನ ಕಬ್ಬಿಣ-ಉಕ್ಕಿನ ಕಾರ್ಖಾನೆಗಳ ಕಥೆ ಇನ್ನೊಂದು. ಅಲ್ಲಿನ ಹೊಗೆಯನ್ನು ವಿರೋಧಿಸಿ 2025ರ ಫೆಬ್ರವರಿಯಲ್ಲಿ ಊರಿಗೆ ಊರೇ ಬೀದಿಗಿಳಿಯಿತು. ಕಟ್ಟಡವೊಂದರ ಉಕ್ಕಿನ ಹಿಂದಿನ ಇಂಗಾಲ, ಆ ಕಟ್ಟಡದಲ್ಲಿ ನಡೆಯುವ ಹೋಟೆಲಿನ ಕಡ್ಡಾಯ ಲೆಕ್ಕಕ್ಕೆ ಇಂದಿಗೂ ಸೇರುವುದಿಲ್ಲ. 2020ರ ಮಾರ್ಚಿನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ನೆಲಸಮವಾದ ರೆಸಾರ್ಟುಗಳಂಥ ಸಣ್ಣ ವಸತಿಗೃಹಗಳಂತೂ ಯಾವ ವರದಿಯ ನಿಯಮಕ್ಕೂ ಒಳಪಡುವುದಿಲ್ಲ.

ಪೂರೈಕೆದಾರರ ಲೆಕ್ಕವನ್ನು ತರಲು ಸೆಬಿ ಇಟ್ಟ ಮಿತಿಯನ್ನು ಗಮನಿಸಬೇಕು: ಕಂಪನಿಯ ಒಟ್ಟು ಖರೀದಿಯಲ್ಲಿ ಶೇ 2ಕ್ಕಿಂತ ಕಡಿಮೆ ಪಾಲಿನ ಪೂರೈಕೆದಾರ ಅದರೊಳಗೆ ಬರುವುದಿಲ್ಲ. ಈ ಜರಡಿಯಲ್ಲಿ ಗಂಗಾವತಿಯ ರೈತ ಉಳಿಯುವ ಮಾತೇ ಇಲ್ಲ, ಅವನ ಭತ್ತ ಕೊಳ್ಳುವ ಮಿಲ್ಲು ಉಳಿಯುವುದೂ ಕಷ್ಟ. ಆದ್ದರಿಂದ ಮಿತಿಯನ್ನು ಪೂರೈಕೆದಾರನಿಗೆ ಇಡುವುದರ ಬದಲು ಪದಾರ್ಥಕ್ಕೆ ಇಡಬೇಕು. ಹೋಟೆಲ್ ಕಂಪನಿಗಳು ವರ್ಷಕ್ಕೆ ಎಷ್ಟು ಅಕ್ಕಿ ಕೊಂಡವು, ಅದು ಯಾವ ಸೀಮೆಯದು, ಯಾವ ಪದ್ಧತಿಯಲ್ಲಿ ಬೆಳೆದದ್ದು ಎಂದು ಬರೆಯಲಿ. ಕೂರಿಗೆ ಭತ್ತಕ್ಕೆ ಹೆಚ್ಚಿನ ಬೆಲೆ ಕೊಟ್ಟು ಆ ಕಳೆಯ ಖರ್ಚಿನಲ್ಲಿ ಪಾಲು ಹೊರಲಿ.